ಬೇಸ್ ಗಿಟಾರಿಗೆ ಬೆಲೆ ಕಟ್ಟಿಸಿದ್ದು

ನನ್ನ ಹೆಂಡತಿ ಕುರುಬರಹಳ್ಳಿಯಲ್ಲಿ ಅಂಗಡಿ ನೋಡಿಕೊಂಡು ಬಂದ ಸಂಜೆಯೇ ನಾನು ಮೊಬೈಲಿನಲ್ಲಿ ಆ ವಿಡಿಯೋ ನೋಡಬಾರದಿತ್ತು. ನೋಡಿದ ಮೇಲೆ ಪೂರ್ತಿಯಾದರೂ ನೋಡಬೇಕಿತ್ತು. ನಾನು ಅರ್ಧ ನೋಡಿ, ಮಿಕ್ಕ ಅರ್ಧಕ್ಕೆ ಕಾಯದೆ ಬಾಯಿ ಬಿಟ್ಟೆ.

ಅವಳು ಹದಿನೈದು ವರ್ಷದಿಂದ ಮನೆಯಲ್ಲೇ ಕೋಡುಬಳೆ, ನಿಪ್ಪಟ್ಟು, ಚಕ್ಕುಲಿ ಮಾಡಿ ಮಾರುತ್ತಾ ಬಂದವಳು. ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯಲ್ಲಿ ತಿಂಡಿಯ ಡಬ್ಬಗಳು ಅಡುಗೆಮನೆ ತುಂಬಿ, ಹಾಲ್ ದಾಟಿ, ಈಗ ಮಂಚದ ಕೆಳಗೂ ಸೇರಿಕೊಂಡಿವೆ. ಒಂದು ಅಂಗಡಿ ಬೇಕು ಎನ್ನುವುದು ಅವಳ ಹಳೆಯ ಆಸೆ. ಕುರುಬರಹಳ್ಳಿಯ ಬಸ್ ಸ್ಟಾಪಿನ ಎದುರು ಹತ್ತಡಿ ಅಗಲದ ಮಳಿಗೆಯೊಂದು ಖಾಲಿಯಾಗಿತ್ತು. ಮಾಲೀಕರು ಅದೇ ಊರಿನ ಹಳೆಯ ಗೌಡರು. ತಾತ ರಾಗಿ ಬೆಳೆದ ಜಾಗದಲ್ಲಿ ಮೊಮ್ಮಗ ಮಳಿಗೆ ಬೆಳೆದಿದ್ದರು. ಅಡ್ವಾನ್ಸ್ ಮೂರು ಲಕ್ಷ ಕೇಳಿದ್ದರು. ತಿಂಗಳ ಕೊನೆಯವರೆಗೆ ಬೇರೆ ಯಾರಿಗೂ ಕೊಡುವುದಿಲ್ಲ ಎಂದು ಮಾತು ಕೊಟ್ಟಿದ್ದರು.

“ನನ್ನ ಚೀಟಿ ದುಡ್ಡು ಒಂದೂವರೆ ಬರುತ್ತೆ. ಮಿಕ್ಕಿದ್ದಕ್ಕೆ ಏನ್ಮಾಡೋದು ಅಂತ ಯೋಚ್ನೆ ಮಾಡ್ತಿದೀನಿ ರೀ” ಎಂದಳು.

ನಾನು ಮೊಬೈಲ್ ಕೆಳಗಿಟ್ಟೆ. “ನಿನ್ನ ಚೀಟಿ ದುಡ್ಡು ಮುಟ್ಬೇಡ ಕಣೇ. ಪೂರ್ತಿ ಅಡ್ವಾನ್ಸ್ ನಾನು ಕೊಡ್ತೀನಿ. ಗಿಟಾರ್ ಮಾರ್ತೀನಿ.”

ಡಬ್ಬದ ಮುಚ್ಚಳ ಹಾಕುತ್ತಿದ್ದವಳು ನಿಲ್ಲಿಸಿದಳು. “ಯಾವ್ ಗಿಟಾರು? ಸೈಟ್ ಗಿಟಾರಾ?”

ನಮ್ಮ ಮನೆಯಲ್ಲಿ ಅದಕ್ಕಿರುವ ಹೆಸರೇ ಅದು. ಕಾರಣ ಹೇಳದೆ ಮುಂದೆ ಹೋಗುವಂತಿಲ್ಲ. ಮದುವೆಯಾದ ಎರಡನೆಯ ವರ್ಷ ನಾವಿಬ್ಬರೂ ಸೇರಿ ಒಂದಿಷ್ಟು ದುಡ್ಡು ಕೂಡಿಹಾಕಿದ್ದೆವು. ಜ್ಞಾನಭಾರತಿ ದಾಟಿ ಕೆಂಗೇರಿಯ ಕಡೆಗೆ ಮೂವತ್ತು-ನಲವತ್ತರ ಒಂದು ಸೈಟಿಗೆ ಅದನ್ನು ಮುಂಗಡವಾಗಿ ಕೊಡುವುದು ಎಂದು ಮಾತಾಗಿತ್ತು. ಹೋಗಿ ನೋಡಿದರೆ ಅಲ್ಲಿದ್ದದ್ದು ಜಾಲಿ ಗಿಡ, ಒಂದು ಕಲ್ಲು, ಕಲ್ಲಿನ ಮೇಲೆ ಸುಣ್ಣದಲ್ಲಿ ಬರೆದ ನಂಬರು. “ಇಲ್ಲಿಗೆ ಯಾರು ಬಂದು ವಾಸ ಮಾಡ್ತಾರೆ? ನರಿ ಮಾಡ್ಬೇಕು” ಎಂದು ನಾನು ದೂರದೃಷ್ಟಿಯ ಮಾತಾಡಿದೆ. ಅದೇ ವಾರ, ಕಂಟೋನ್ಮೆಂಟಿನ ಹೋಟೆಲುಗಳಲ್ಲಿ ಬ್ಯಾಂಡ್ ನುಡಿಸುತ್ತಿದ್ದ ಆಂಗ್ಲೋ-ಇಂಡಿಯನ್ ಹಿರಿಯರೊಬ್ಬರು ಊರು ಬಿಡುತ್ತಿದ್ದಾರೆ, ತಮ್ಮ ಬೇಸ್ ಗಿಟಾರ್ ಮಾರುತ್ತಿದ್ದಾರೆ ಎಂಬ ಸುದ್ದಿ ಬಂತು. ಜಪಾನಿನದು, ಜೇನಿನ ಬಣ್ಣದ್ದು, ಆಗಲೇ ಇಪ್ಪತ್ತು ವರ್ಷ ಹಳೆಯದು. ನಾನು ಹಗಲೆಲ್ಲ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಗುಮಾಸ್ತ. ಗಣೇಶನ ಹಬ್ಬವೋ ರಾಜ್ಯೋತ್ಸವವೋ ಬಂದರೆ ಮಾತ್ರ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುವ ಕಲಾವಿದ. ಕಲಾವಿದ ಗುಮಾಸ್ತನನ್ನು ಗೆದ್ದ. ಸೈಟಿನ ದುಡ್ಡು ಕಂಟೋನ್ಮೆಂಟಿಗೆ ಹೋಯಿತು.

ಈಗ ಆ ಜಾಗದ ಪಕ್ಕದಲ್ಲಿ ಮೆಟ್ರೋ ಓಡುತ್ತದೆ. ಕೆಂಗೇರಿಯ ನೆಂಟರ ಮನೆಗೆ ಹೋಗುವಾಗಲೆಲ್ಲ ಹೆಂಡತಿ ಸೀಟು ಖಾಲಿಯಿದ್ದರೂ ಕೂರುವುದಿಲ್ಲ, ಬಾಗಿಲ ಹತ್ತಿರವೇ ನಿಲ್ಲುತ್ತಾಳೆ. ಜ್ಞಾನಭಾರತಿ ಸ್ಟೇಷನ್ ದಾಟುತ್ತಿದ್ದಂತೆ ಗಾಜಿನ ಆಚೆ ಬೆರಳು ತೋರಿಸಿ, “ನೋಡ್ರೀ, ನಿಮ್ಮ ಗಿಟಾರ್ ಮೇಲೆ ಇನ್ನೊಂದು ಫ್ಲೋರ್ ಎದ್ದಿದೆ” ಎನ್ನುತ್ತಾಳೆ. ಕಳೆದ ಸಲ ಹೋದಾಗ ನಾಲ್ಕನೆಯ ಮಹಡಿಯ ಮೇಲೆ ಸೋಲಾರ್ ಬಂದಿತ್ತು.

ಇದಕ್ಕೆ ನನ್ನ ಬಳಿ ಸಿದ್ಧವಾದ ಒಂದು ಉತ್ತರವಿತ್ತು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ. ಇಂಥ ವಾದ್ಯ ಹಳೆಯದಾದಷ್ಟೂ ಬೆಲೆ ಏರುತ್ತದೆ, ಸುಮ್ಮನಿರು. ಇಷ್ಟು ವರ್ಷ ಈ ಮಾತನ್ನು ಯಾವ ಆಧಾರವೂ ಇಲ್ಲದೆ ಹೇಳಿಕೊಂಡು ಬಂದಿದ್ದೆ. ಆ ಸಂಜೆ ವಿಡಿಯೋದಲ್ಲಿ ಯಾವುದೋ ದೇಶದ ಗಡ್ಡದವನೊಬ್ಬ ಥೇಟ್ ನನ್ನದರಂಥದೇ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ನಮ್ಮ ದುಡ್ಡಿನಲ್ಲಿ ನಾಲ್ಕು ಲಕ್ಷದಷ್ಟಾಗುವ ಬೆಲೆ ಹೇಳಿದಾಗ ನನಗಾದ ಸಂತೋಷ ದುಡ್ಡಿನದಲ್ಲ. ಸುಳ್ಳು ಹೇಳಿದವನಿಗೆ ಅದು ನಿಜವಾಗಿಬಿಟ್ಟಾಗ ಆಗುವ ಸಂತೋಷ.

ಬೇಸ್ ಗಿಟಾರಿನ ವಿಷಯ ಗೊತ್ತಿಲ್ಲದವರಿಗೆ ಹೇಳಬೇಕು: ಅದಕ್ಕೆ ನಾಲ್ಕೇ ತಂತಿ. ಹಾಡಿನ ತಳದಲ್ಲಿ ದುಮ್ ದುಮ್ ಎಂದು ನಡೆಯುತ್ತಿರುತ್ತದೆ. ಆರ್ಕೆಸ್ಟ್ರಾದಲ್ಲಿ ಅದನ್ನು ನುಡಿಸುವವನು ಮದುವೆ ಮನೆಯ ನೀರಿನ ಟ್ಯಾಂಕಿದ್ದ ಹಾಗೆ, ನಿಂತುಹೋದರೆ ಮಾತ್ರ ನೆನಪಿಗೆ ಬರುತ್ತಾನೆ. ಹಾಡುವವರಿಗೆ ಹಾರ ಹಾಕುತ್ತಿದ್ದರು, ಕೀಬೋರ್ಡಿನವನಿಗೆ ಶಾಲು ಹೊದಿಸುತ್ತಿದ್ದರು. ವಿಜಯನಗರದ ಒಂದು ಗಣೇಶೋತ್ಸವದಲ್ಲಿ ಸಂಘದ ಅಧ್ಯಕ್ಷರು ಕಾರ್ಯಕ್ರಮ ಮುಗಿದ ಮೇಲೆ ನನ್ನ ಬಳಿ ಬಂದು, ಬಹಳ ಮರ್ಯಾದೆಯಿಂದ, “ಸಾರ್, ನಿಮ್ದು ಆನ್ ಆಗಿತ್ತಾ?” ಎಂದು ಕೇಳಿದ್ದರು. ಕೊನೆಗೆ ಕೀಬೋರ್ಡುಗಳು ಎಷ್ಟು ಮುಂದುವರಿದವೆಂದರೆ ಅದರವನ ಎಡಗೈಯೇ ನನ್ನ ಕೆಲಸ ಮಾಡತೊಡಗಿತು. ಒಬ್ಬ ಮನುಷ್ಯನ ಎಡಗೈ ನನ್ನನ್ನು ಮನೆಗೆ ಕಳಿಸಿತು. ಅಂದಿನಿಂದ ಗಿಟಾರು ಬೀರುವಿನ ಮೇಲೆ ಮಲಗಿತ್ತು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಕೆಳಗಿಳಿದು, ಅರಿಶಿನ ಕುಂಕುಮ ಇಡಿಸಿಕೊಂಡು ಮತ್ತೆ ಮೇಲೆ ಹೋಗುತ್ತಿತ್ತು.

ಮಾರುವುದು ಎಂದಾದ ಮೇಲೆ ಕೆಳಗಿಳಿಸಿ ನೋಡಿದೆ. ನೋಡಿ ಸಂಕಟವಾಯಿತು. ವರ್ಷಗಟ್ಟಲೆ ನನ್ನ ಮೊಣಕೈ ಉಜ್ಜಿದ ಕಡೆ ಬಣ್ಣ ಹೋಗಿ ಮರ ಕಾಣುತ್ತಿತ್ತು. ಸ್ಕ್ರೂಗಳಿಗೆ ತುಕ್ಕು. ತಿರುಗಿಸುವ ಗುಬುಟುಗಳು ಹಳದಿಯಾಗಿದ್ದವು. ತಲೆಯ ಮೇಲಿನ ಕಂಪನಿಯ ಹೆಸರು ಅರ್ಧ ಅಳಿಸಿತ್ತು. ಇದನ್ನು ಹೀಗೇ ಯಾರ ಮುಂದೆ ಹಿಡಿಯುವುದು?

ನಮ್ಮ ಕಡೆ ಗಾಡಿ ಮಾರುವುದಕ್ಕೆ ಒಂದು ಕ್ರಮವಿದೆ. ಯಾರೂ ಸ್ಕೂಟರನ್ನು ಇದ್ದ ಹಾಗೆ ಮಾರುವುದಿಲ್ಲ. ವಾಟರ್ ಸರ್ವಿಸ್ ಮಾಡಿಸಿ, ಡೊಂಕು ತೆಗೆಸಿ, ಬಣ್ಣ ಹೊಡೆಸಿ, ಹೊಸ ಸೀಟ್ ಕವರ್ ಹಾಕಿಸಿ, ಹ್ಯಾಂಡಲಿಗೆ ಒಂದು ನಿಂಬೆಹಣ್ಣು ಕಟ್ಟಿ, ಆಮೇಲೆ ಬೆಲೆ ಹೇಳುತ್ತಾರೆ. ನನ್ನ ಹಳೆಯ ಸ್ಕೂಟರನ್ನು ಹೀಗೆ ಮಾಡಿಯೇ ಒಳ್ಳೆಯ ಬೆಲೆಗೆ ದಾಟಿಸಿದ್ದೆ. ಅದಕ್ಕೆ ಬಣ್ಣ ಹೊಡೆದವನ ವರ್ಕ್‌ಶಾಪ್ ಮಾಗಡಿ ರಸ್ತೆಯ ಸುಂಕದಕಟ್ಟೆಯಲ್ಲಿದೆ. ಗಿಟಾರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಅವನ ಬಳಿಗೇ ಹೋದೆ.

ಅವನು ತನ್ನ ಕೆಲಸ ಬಲ್ಲವನು. ಬೆರಳಲ್ಲಿ ತಟ್ಟಿ, ಉಗುರಲ್ಲಿ ಕೆರೆದು ನೋಡಿದ. “ಸಾರ್, ಇದು ಹಳೇ ಪೇಂಟು, ಮೇಲಿಂದ ಹೊಡುದ್ರೆ ನಿಲ್ಲಲ್ಲ. ಪೂರ್ತಿ ಕೆರ್ದು, ಪ್ರೈಮರ್ ಕೊಟ್ಟು ಹೊಡೀಬೇಕು. ಕೆರೀಲಾ?”

“ಕೆರಿಯಪ್ಪ. ಪೂರ್ತಿ ಕೆರಿ” ಎಂದೆ. ಉಪ್ಪುಕಾಗದ ಸಾಲದಿದ್ದರೆ ಇನ್ನೂ ನಾಲ್ಕು ಹಾಳೆ ತಂದುಕೊಡುವ ಹುಮ್ಮಸ್ಸಿತ್ತು ನನಗೆ.

ಬಣ್ಣ ಯಾವುದು ಎಂದು ಕೇಳಿದ. ಗೋಡೆಗೆ ಒರಗಿಸಿದ್ದ ಒಂದು ಬೈಕಿನ ಟ್ಯಾಂಕು ಮಿರಿಮಿರಿ ಕೆಂಪಾಗಿ ಹೊಳೆಯುತ್ತಿತ್ತು. ಅದನ್ನೇ ತೋರಿಸಿದೆ. ತಲೆಯ ಮೇಲಿನ ಅರ್ಧ ಹೆಸರು ಅಸಹ್ಯವಾಗಿ ಕಾಣುತ್ತದೆ, ಅದನ್ನೂ ಉಜ್ಜಿಬಿಡು ಎಂದೆ. ಒಳಗಿನ ವೈರುಗಳೆಲ್ಲ ಹಳೆಯವು, ಅವನ್ನೂ ಬದಲಾಯಿಸಿಬಿಡಿ ಎಂದು ಅವನೇ ಸೂಚಿಸಿದ. ಪಕ್ಕದ ಆಟೋ ಎಲೆಕ್ಟ್ರಿಷಿಯನ್ ಬಂದು ಬದಲಾಯಿಸಿದ. ತುಕ್ಕು ಹಿಡಿದ ಸ್ಕ್ರೂ, ಹಳದಿಯಾದ ಗುಬುಟುಗಳ ಜಾಗಕ್ಕೆ ನಾನೇ ಹುಡುಕಿ ಸ್ಟೀಲಿನವು ತಂದೆ. ಹಳೆಯ ಸ್ಕ್ರೂ, ಗುಬುಟು, ವೈರುಗಳನ್ನು ಒಂದು ಕವರಿಗೆ ಹಾಕಿ ಹಳೆಯ ಪೇಪರಿನ ಜೊತೆ ಗುಜರಿಗೆ ಕೊಟ್ಟೆ. ಮೂವತ್ತು ವರ್ಷ ಕಾರ್ಖಾನೆಯ ಸ್ಟೋರಿನಲ್ಲಿ ಕೂತು, ಒಂದೇ ಒಂದು ನಟ್ಟು ಬೋಲ್ಟನ್ನೂ ಸ್ಲಿಪ್ ಇಲ್ಲದೆ ಹೊರಗೆ ಬಿಡದ ಮನುಷ್ಯ ನಾನು.

ಒಂದು ವಾರದ ಮೇಲೆ ಗಿಟಾರು ಮನೆಗೆ ಬಂದಾಗ ಅದರಲ್ಲಿ ಮುಖ ಕಾಣುತ್ತಿತ್ತು. ಹೆಂಡತಿ ಸುತ್ತಲೂ ನೋಡಿದಳು. “ಚೆನ್ನಾಗಿದೆ ರೀ. ಗ್ಯಾಸ್ ಸಿಲಿಂಡರ್ ಥರಾನೇ ಇದೆ” ಎಂದಳು. ಅದರಲ್ಲಿ ತಮಾಷೆ ಇರಲಿಲ್ಲ, ನಿಜವಾಗಿ ಮೆಚ್ಚಿಕೊಂಡಿದ್ದಳು. ಅದಕ್ಕಿಂತ ದೊಡ್ಡ ವಿಷಯವೆಂದರೆ, ಅವಳು ನಂಬತೊಡಗಿದ್ದಳು. ಅಂಗಡಿಯ ಬೋರ್ಡಿಗೆ ಎಷ್ಟಾಗುತ್ತದೆ ಎಂದು ವಿಚಾರಿಸಿಕೊಂಡು ಬಂದಳು. ಚೀಟಿ ದುಡ್ಡಿನಲ್ಲಿ ದೊಡ್ಡ ಬಾಣಲೆ, ಒಲೆ, ಒಬ್ಬ ಸಹಾಯಕಿಯ ಸಂಬಳ ಎಂದು ಲೆಕ್ಕ ಹಾಕಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವಳಲ್ಲ ಅವಳು, ಆ ಅಭ್ಯಾಸ ನನ್ನದು. ನನ್ನ ಮಾತಿನ ಮೇಲೆ ಅವಳು ಏನನ್ನಾದರೂ ಕಟ್ಟಿದ್ದು ಅದೇ ಮೊದಲು. ನನಗೆ ಹೆಮ್ಮೆಯಾಯಿತು. ಸ್ವಲ್ಪ ಹೆದರಿಕೆಯೂ ಆಗಬೇಕಿತ್ತು.

ಹಳೆಯ ವಾದ್ಯಗಳನ್ನು ಕೊಂಡು ಮಾರುವ ಯುವಕನೊಬ್ಬ ವಿಜಯನಗರದಲ್ಲಿದ್ದಾನೆ ಎಂದು ತಿಳಿದು ಫೋನ್ ಮಾಡಿದೆ. ಗಿಟಾರಿನ ಹಿಂದಿನ ಲೋಹದ ಪಟ್ಟಿಯ ಮೇಲಿದ್ದ ನಂಬರನ್ನು ಓದಿ ಹೇಳಿದೆ. ಇನ್ನೊಮ್ಮೆ ಓದಿಸಿದ. “ಸಾರ್, ಇವತ್ತೇ ತರ್ತೀರಾ? ನಾನೇ ಬರ್ಲಾ?” ಎಂದ. ಅವನ ದನಿಯಲ್ಲಿದ್ದ ಆತುರ ಕೇಳಿ, ನಾಲ್ಕಲ್ಲ, ನಾಲ್ಕೂವರೆ ಹೇಳಬೇಕು ಎಂದುಕೊಂಡೆ.

ಅವನ ಮನೆಯಲ್ಲಿ ಗಿಟಾರುಗಳಿಗೆಂದೇ ಒಂದು ಕೋಣೆ, ಆ ಕೋಣೆಗೆ ಎಸಿ. ನಮ್ಮ ಮನೆಯಲ್ಲಿ ಮನುಷ್ಯರಿಗೂ ಇಲ್ಲ. ಗೋಡೆಯ ತುಂಬ ತೂಗುಹಾಕಿದ್ದ ಗಿಟಾರುಗಳು ಒಂದಕ್ಕಿಂತ ಒಂದು ಕೊಳಕಾಗಿದ್ದವು. ಬಣ್ಣ ಎದ್ದವು, ತುಕ್ಕು ಹಿಡಿದವು, ಸಿಗರೇಟಿನಲ್ಲಿ ಸುಟ್ಟ ಗುರುತಿದ್ದವು. ಪಾಪ, ಹುಡುಗನ ಕೈಯಲ್ಲಿ ರಿಪೇರಿಗೆ ದುಡ್ಡಿಲ್ಲ ಎಂದುಕೊಂಡೆ. ಬೇಕಾದರೆ ಸುಂಕದಕಟ್ಟೆಯ ವಿಳಾಸ ಕೊಡೋಣ ಎಂದೂ ಅನ್ನಿಸಿತು.

ಬೆಡ್‌ಶೀಟು ಬಿಚ್ಚಿದೆ.

ಅವನು ಹೊಳೆಯುವ ಕೆಂಪಿನ ಮೇಲೆ ಒಂದು ಬೆರಳಿಟ್ಟು ತೆಗೆದ. ಆಮೇಲೆ ಮೆಲ್ಲಗೆ, ಸಾವಿನ ಮನೆಯಲ್ಲಿ ಕೇಳುವ ಹಾಗೆ, “ಯಾವಾಗ ಆಯ್ತು ಸಾರ್ ಇದು?” ಎಂದ.

“ಹೋದ ವಾರ. ನಿಮಗೋಸ್ಕರಾನೇ” ಎಂದೆ.

ಪಾಪದ ಹುಡುಗ, ನಗಲಿಲ್ಲ. ಗಿಟಾರನ್ನು ಮೇಜಿನ ಮೇಲೆ ಮಲಗಿಸಿ ಸ್ಕ್ರೂ ಬಿಚ್ಚಿದ. ಒಳಗೆ ಟಾರ್ಚು ಬಿಟ್ಟು ನೋಡಿದ. ಕತ್ತನ್ನು ಮೈಯಿಂದ ಬೇರೆ ಮಾಡಿದ. ಕಾರ್ಖಾನೆಯವರು ಪೆನ್ಸಿಲಿನಲ್ಲಿ ತಾರೀಕು ಬರೆಯುತ್ತಿದ್ದ ಒಂದು ಜಾಗವಿರುತ್ತದಂತೆ. ಅಲ್ಲಿಯೂ ನಮ್ಮವನು ಉಪ್ಪುಕಾಗದ ಆಡಿಸಿ ಅಚ್ಚುಕಟ್ಟಾಗಿ ಕೆಂಪು ಬಳಿದಿದ್ದ. ಹುಡುಗ ಒಂದು ಕಾಗದದ ಮೇಲೆ ಬೆಲೆ ಬರೆದುಕೊಂಡು ಕಳೆಯುತ್ತಾ ಹೋದ. ಮೂಲ ಬಣ್ಣ ಇಲ್ಲ, ಅರ್ಧ ಬೆಲೆ ಹೋಯಿತು. ಕಂಪನಿಯ ಹೆಸರಿಲ್ಲ, ಇನ್ನಷ್ಟು. ಒಳಗಿನ ವೈರು ಆಟೋರಿಕ್ಷಾದ್ದು.

“ಹಳೇ ಸ್ಕ್ರೂ, ನಾಬ್ ಎಲ್ಲಾ ಇಟ್ಟಿದೀರಾ ಸಾರ್?”

“ಗುಜರಿಗೆ ಹಾಕ್ದೆ.”

ಅದಕ್ಕೂ ಒಂದು ಗೆರೆ ಎಳೆದ. ಕೊನೆಯಲ್ಲಿ ಮೂವತ್ತೈದು ಸಾವಿರ ಉಳಿಯಿತು. ಕೇಳಬಾರದಿತ್ತು, ಆದರೂ ಕೇಳಿದೆ: ಹತ್ತು ದಿನದ ಹಿಂದೆ, ಮೊಣಕೈ ಉಜ್ಜಿ ಬಣ್ಣ ಹೋಗಿದ್ದ ಹಾಗೇ ತಂದಿದ್ದರೆ?

ಅವನು ನನ್ನ ಮುಖ ನೋಡದೆ ಹೇಳಿದ. “ಮೂರು ಲಕ್ಷ ನಾನೇ ಕೊಡ್ತಿದ್ದೆ ಸಾರ್. ಆ ಮೊಣಕೈ ಉಜ್ಜಿರೋ ಮಾರ್ಕ್ ಇದ್ಯಲ್ಲ, ಅದಕ್ಕೇ ಜನ ಸಾಯ್ತಾರೆ. ಹೊಸಾ ಗಿಟಾರಿಗೆ ಬೇಕೂಂತ ಹಾಗೆ ಉಜ್ಜಿಸ್ಕೋತಾರೆ.”

ಗಿಟಾರನ್ನು ಮತ್ತೆ ಸುತ್ತಿಕೊಂಡು ಹೊರಗೆ ಬಂದೆ. ಎದುರಿನ ದರ್ಶಿನಿಯಲ್ಲಿ ಒಂದು ಕಾಫಿ ತೆಗೆದುಕೊಂಡು ನಿಂತು ಆ ವಿಡಿಯೋವನ್ನು ಮೊದಲ ಸಲ ಪೂರ್ತಿ ನೋಡಿದೆ. ಬೆಲೆ ಹೇಳಿದ ಮೇಲೆ ಗಡ್ಡದವನು ಐದು ನಿಮಿಷ ಒಂದೇ ವಿಷಯ ಹೇಳುತ್ತಾನೆ: ಏನೂ ಮಾಡಬೇಡಿ. ಬಣ್ಣ ಬೇಡ, ಪಾಲಿಶ್ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸುವುದೂ ಬೇಡ. ಜೀವನದಲ್ಲಿ ನಾನು ಏನೂ ಮಾಡದೆ ಕೂತಿದ್ದಕ್ಕೇ ಎಷ್ಟೋ ಸಲ ಬೈಸಿಕೊಂಡಿದ್ದೇನೆ. ಏನೂ ಮಾಡದಿದ್ದರೆ ಮೂರು ಲಕ್ಷ ಸಿಗುತ್ತಿದ್ದ ಒಂದೇ ಒಂದು ಸಂದರ್ಭದಲ್ಲಿ ಎದ್ದು ಕೆಲಸ ಮಾಡಿದ್ದೆ. ಮಾಡಿದ್ದುಣ್ಣೋ ಮಹರಾಯ.

ಬಸವೇಶ್ವರನಗರದವರೆಗೆ ಆಟೋದಲ್ಲಿ ಕೂತು ಸುಳ್ಳುಗಳನ್ನು ಜೋಡಿಸಿದೆ. ಮಾರ್ಕೆಟ್ ಬಿದ್ದಿದೆ ಎನ್ನಬಹುದು. ಹುಡುಗ ಮೋಸಗಾರ ಎನ್ನಬಹುದು. ಎರಡೂ ಚೆನ್ನಾಗಿದ್ದವು. ಮನೆಯ ಬಾಗಿಲು ತೆಗೆದರೆ ಅವಳು ನೆಲದ ಮೇಲೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಂಗಡಿಯ ಒಳಗಿನ ನಕ್ಷೆ ಬರೆಯುತ್ತಾ ಕೂತಿದ್ದಳು. ಗಲ್ಲಾಪೆಟ್ಟಿಗೆಯ ಜಾಗದಲ್ಲಿ ಒಂದು ಚೌಕ ಹಾಕಿ ‘ಇವರು’ ಎಂದು ಬರೆದಿದ್ದಳು. ಸುಳ್ಳು ಬಾಯಿಗೆ ಬರಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೂರು ಲಕ್ಷ ಇತ್ತು, ನಾನೇ ಕೆರೆಸಿ ಹಾಕಿದೆ, ಈಗ ಮೂವತ್ತೈದು ಸಾವಿರ. ಬೈಯುತ್ತಾಳೆ ಎಂದು ನಿಂತೇ ಇದ್ದೆ. ಮೆಟ್ರೋದ ಬಾಗಿಲಲ್ಲಿ ಅಷ್ಟು ಮಾತಾಡುವವಳು ಕ್ಯಾಲೆಂಡರಿನ ಹಾಳೆಯನ್ನು ಎರಡು ಮಡಿಕೆ ಮಡಚಿದಳು. ‘ಇವರು’ ಎಂದು ಬರೆದಿದ್ದ ಚೌಕ ಒಳಗೆ ಸೇರಿಹೋಯಿತು.

ಆಮೇಲೆ ಅವಳು ಫೋನ್ ತೆಗೆದುಕೊಂಡು ಗೌಡರಿಗೆ ಕರೆ ಮಾಡಿದಳು. ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟಳು. ಅಂಗಡಿ ಬೇಡ ಎನ್ನುತ್ತಾಳೆ ಎಂದುಕೊಂಡೆ.

“ಗೌಡ್ರೇ, ಅಡ್ವಾನ್ಸಿಗೆ ನಮ್ಮ ಯಜಮಾನ್ರು ತಮ್ಮ ಗಿಟಾರ್ ಮಾರ್ತೀನಿ ಅಂತ ಹೊರಟಿದ್ರು. ಮಾರೋಕೆ ಹೋಗಿ ವಾಪಸ್ ತಂದಿದಾರೆ. ನಿಂತ್ಕೊಂಡಿದಾರೆ ಇಲ್ಲೇ, ಮುಖ ನೋಡೋಕಾಗ್ತಿಲ್ಲ. ಮದ್ವೆ ಆದ್ಮೇಲೆ ತಮಗೇಂತ ಅವರು ತಗೊಂಡಿದ್ದು ಅದೊಂದೇ. ಒಂದು ವಾಚ್ ಕೂಡ ತಗೊಂಡಿಲ್ಲ. ಅದನ್ನ ಮಾರಿ ಅಂತ ನಾನ್ ಹೆಂಗೆ ಹೇಳ್ಲಿ ಗೌಡ್ರೇ?”

ಒಂದೊಂದು ವಾಕ್ಯವೂ ನಿಜ. ಒಟ್ಟಾಗಿ ಸೇರಿದರೆ ಅಪ್ಪಟ ಸುಳ್ಳು. ಆದರೆ ಆ ವಾಚಿನ ಮಾತು ನನಗೇ ಗೊತ್ತಿರಲಿಲ್ಲ, ಅವಳು ಗಮನಿಸಿದ್ದಳು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡೆ.

ಫೋನಿನಲ್ಲಿ ಗೌಡರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. “ಮಾರಿಸ್ಬ್ಯಾಡಿ ಕಣಮ್ಮ. ನಮ್ಮಪ್ಪ ಭೂಮಿ ಎಲ್ಲಾ ಲೇಔಟಿಗೆ ಹೋದ್ಮೇಲೂ ಒಂದ್ ಜೊತೆ ಎತ್ತು ಕಟ್ಕೊಂಡಿತ್ತು. ಉಳೋಕೆ ಒಂದ್ ಗೇಣು ಜಾಗ ಇರ್ಲಿಲ್ಲ. ಮೇವಿನ ದಂಡ ಅಂತ ನಾವೇ ಬಲವಂತ ಮಾಡಿ ಮಾರ್ಸುದ್ವಿ. ಆ ವಾರಕ್ಕೇ ಅಪ್ಪ ಹಾಸಿಗೆ ಹಿಡೀತು, ಮೇಲೇಳ್ಲೇ ಇಲ್ಲ. ನಿಮ್ಮತ್ರ ಎಷ್ಟಿದೆ?”

“ಒಂದೂವರೆ ಇದೆ.”

“ಅಷ್ಟೇ ಕೊಡಿ. ಅಂಗ್ಡಿ ಬಾಗ್ಲು ತೆಗೀರಿ.”

ಅವಳು ಫೋನ್ ಆರಿಸಿ, ಮಡಚಿದ್ದ ಹಾಳೆಯನ್ನು ಬಿಡಿಸಿ ನೆಲದ ಮೇಲೆ ಒತ್ತಿ ಸಮ ಮಾಡಿದಳು. ನನಗೆ ಒಂದು ಸಣ್ಣ ಆಸೆ ಹುಟ್ಟಿತು. “ಹಂಗಾದ್ರೆ ಗಿಟಾರ್ ಮಾರೋದು ಬೇಡ್ವಾ?” ಎಂದೆ.

“ಯಾಕ್ ಬೇಡ? ನಾಳೇನೇ ಹೋಗಿ ಮಾರಿ ಬನ್ನಿ. ಚೀಟಿ ದುಡ್ಡೆಲ್ಲ ಅಡ್ವಾನ್ಸಿಗೇ ಹೋಯ್ತಲ್ಲ, ಗಾಜಿನ ಶೋಕೇಸ್‌ಗೆ ಏನ್ ಮಾಡ್ತೀರಾ?”

ಮಾರನೆಯ ದಿನ ಹೋಗಿ ಮಾರಿದೆ. ಕೊಡುವ ಮುಂಚೆ ಒಂದು ಸಲ ನುಡಿಸಿ ಎಂದ ಹುಡುಗ. ಒಂದು ನಿಮಿಷ ನುಡಿಸಿದೆ. ಬಣ್ಣ ಬದಲಾದದ್ದು ಅದರ ದನಿಗೆ ತಿಳಿದಿರಲಿಲ್ಲ.

ಅಂಗಡಿಯ ಪೂಜೆಗೆ ಗೌಡರು ಬಿಳಿ ಪಂಚೆಯುಟ್ಟು, ಒಂದು ಚೀಲ ತೆಂಗಿನಕಾಯಿ ಹೊರಿಸಿಕೊಂಡು ಬಂದರು. ಮಂಗಳಾರತಿ ಆದ ಮೇಲೆ ನನ್ನ ಹತ್ತಿರ ಬಂದು, ಹೊಸ ಶೋಕೇಸಿನ ಮೇಲೆ ಎರಡೂ ಮೊಣಕೈ ಊರಿ, ಕೋಡುಬಳೆ ಮುರಿಯುತ್ತಾ ನಿಂತರು. “ಪುಣ್ಯಾತ್ಗಿತ್ತಿ ಸಾರ್ ನಿಮ್ಮನೆಯವ್ರು. ನಿಮ್ ಗಿಟಾರು ಉಳಿಸ್ಕೊಟ್ರು. ಒಂದಿನ ಮನೆಗೆ ಬರ್ತೀನಿ, ನುಡ್ಸಿ ಕೇಳಿಸ್ಬೇಕು” ಎಂದರು.

ಹೆಂಡತಿ ತಲೆ ಬಗ್ಗಿಸಿ ಚಕ್ಕುಲಿ ತೂಗುತ್ತಿದ್ದಳು. “ಖಂಡಿತ ಬನ್ನಿ ಗೌಡ್ರೇ” ಎಂದೆ. ಅವರು ಅಷ್ಟು ಹೊತ್ತೂ ಮೊಣಕೈ ಊರಿಕೊಂಡಿದ್ದದ್ದು ಗಿಟಾರಿನ ಮೇಲೆಯೇ.